ಕತ್ತು ತಿರುಗಿಸಿದ ನವಿಲು

ನಿನ್ನ ಬಗ್ಗೆ ನಾಲ್ಕು ಪುಟ ಬರೆಯುತ್ತೇನೆ ಎಂದಾಗ ನನ್ನ ಹೆಂಡತಿ ಇಂದ್ರಾಣಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತದೆ, "ಯಾಕೆ, ನಾನಿನ್ನೂ ಸತ್ತಿಲ್ವಲ್ಲ" ಎಂದಳು. ಸತ್ತ ಮೇಲೆ ಬರೆದರೆ ನೀನು ಓದೋದು ಹೇಗೆ ಎಂದು ನಾನು ಸಿಡುಕಿದೆ. ಸಿಡುಕುವುದು ನನ್ನ ಹುಟ್ಟುಗುಣ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹದಿನಾರು ಎಂಬ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. "ಬರೆಯೋದಾದ್ರೆ ನಿಜ ಬರೀರಿ" ಎಂದಳು. "ಅದಕ್ಕೇ ಕಣಮ್ಮಿ ಕೂತಿರೋದು" ಎಂದೆ. ಆದ್ದರಿಂದ ಇದರಲ್ಲಿ ನನ್ನ ಮಾನ ಸ್ವಲ್ಪ ಹೋಗುತ್ತದೆ. ಹೋಗಲಿ.

ನಾನು ಪ್ರೇಮ್‌ಕುಮಾರ್, ಬಡಗಿ. ಮನೆ ಮುಂದೆ ಶೀಟು ಹೊದಿಸಿದ ಒಂದು ಚಪ್ಪರ ಇದೆ, ಅದೇ ನಮ್ಮ ಕಾರ್ಖಾನೆ. ತಲೆಬಾಗಿಲು, ಚೌಕಟ್ಟು, ದೇವರ ಮಂಟಪ, ಇವು ನಮ್ಮ ಕೆಲಸ. ಗಿರಾಕಿಗಳು ನನ್ನನ್ನು ಆಚಾರ್ರೇ ಎನ್ನುತ್ತಾರೆ. ನಾವು ಆ ಕುಲದವರಲ್ಲ. ನಮ್ಮಪ್ಪ ಗದ್ದೆ ಕೂಲಿ ಮಾಡಿದವರು, ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟ ಇದೆ, ನಾನು ಐಟಿಐನಲ್ಲಿ ಮರಗೆಲಸ ಕಲಿತು ಬಂದವನು. ಸಂದು ಕೂಡಿಸುವುದರಲ್ಲಿ ಮಾತ್ರ ನನ್ನನ್ನು ಯಾರೂ ಹಿಡಿಯಲಾರರು. ನಾನು ಸೇರಿಸಿದ ಮೂಲೆಯಲ್ಲಿ ಒಂದು ಕೂದಲೂ ತೂರುವುದಿಲ್ಲ. ಆದರೆ ಕೆತ್ತನೆ ನನಗೆ ಬರುವುದಿಲ್ಲ. ನಾನು ನವಿಲು ಕೆತ್ತಿದರೆ ಅದು ಕೋಳಿಯಾಗುತ್ತದೆ.

ಕೆತ್ತನೆ ಬರುವುದು ಇಂದ್ರಾಣಿಗೆ. ಅವಳು ಮುಡುಕುತೊರೆಯ ಮಾರಯ್ಯನವರ ಮಗಳು. ಎಸ್ಸೆಸ್ಸೆಲ್ಸಿ ಮುಗಿಸಿ ನರಸೀಪುರದ ಒಂದು ಬಾಗಿಲು ಅಂಗಡಿಗೆ ಮರಳುಕಾಗದ ಉಜ್ಜುವ ಕೆಲಸಕ್ಕೆ ಸೇರಿಕೊಂಡಳು. ಅಲ್ಲಿ ಕೆತ್ತುವವರು ಗಂಡಸರು, ಉಜ್ಜುವವರು ಹೆಂಗಸರು. ಮೂರು ವರ್ಷ ದಿನವೂ ಬೇರೆಯವರು ಕೆತ್ತಿದ ಎಲೆ, ಬಳ್ಳಿ, ಹಂಸಗಳನ್ನು ಉಜ್ಜಿ ನಯ ಮಾಡಿದಳು. ನಾನೂ ಅದೇ ಅಂಗಡಿಯಲ್ಲಿ ಚೌಕಟ್ಟು ಕೂಡಿಸುತ್ತಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಅವಳು ಕಸಕ್ಕೆ ಬಿದ್ದಿದ್ದ ಮರದ ಚೂರಿನ ಮೇಲೆ ಯಾರದೋ ಉಳಿ ಹಿಡಿದು ಒಂದು ಎಲೆ ಕೆತ್ತುತ್ತಿದ್ದಳು. ಗಾಳಿಗೆ ಮಗ್ಗುಲಾದ ಎಲೆ ಅದು, ತುದಿ ಇನ್ನೇನು ಅಲ್ಲಾಡುತ್ತದೆ ಅನ್ನುವ ಹಾಗಿತ್ತು. ಯಾರು ಕಲಿಸಿದರು ಎಂದು ಕೇಳಿದೆ. "ಯಾರೂ ಇಲ್ಲ. ಉಜ್ಜಿ ಉಜ್ಜಿ ಬೆರಳಿಗೆ ಗೊತ್ತಾಗೋಯ್ತು" ಎಂದಳು. ನಾನು ಆ ಎಲೆ ನೋಡಿ ಮದುವೆಯಾದೆ, ಮುಖ ನೋಡಿದ್ದು ಆಮೇಲೆ ಎಂದು ಈಗಲೂ ಅವಳನ್ನು ರೇಗಿಸುತ್ತೇನೆ.

ಮದುವೆಯಾದ ಎರಡನೇ ವರ್ಷ ನಮ್ಮ ಚಪ್ಪರಕ್ಕೆ ಮೊದಲ ದೊಡ್ಡ ಕೆಲಸ ಬಂತು. ಚಿಕ್ಕಯ್ಯನಛತ್ರದ ಚಕ್ರಪಾಣಿ ಮೇಷ್ಟ್ರು ಹೊಸ ಮನೆ ಕಟ್ಟಿಸುತ್ತಿದ್ದರು. ದೇವಸ್ಥಾನದ ಮನೆತನ, ದೊಡ್ಡ ಜನ. ತಲೆಬಾಗಿಲಿನ ಮೇಲಿನ ಹಲಗೆಯಲ್ಲಿ ನಡುವೆ ಕಲಶ, ಅದರ ಎರಡು ಪಕ್ಕ ಎರಡು ನವಿಲು ಬೇಕು ಎಂದರು. ಇಂದ್ರಾಣಿ ಆಗ ಏಳು ತಿಂಗಳ ಬಸುರಿ. ಚಪ್ಪರದ ನೆಲದಲ್ಲಿ ಹಲಗೆ ಮಲಗಿಸಿಕೊಂಡು, ಹೊಟ್ಟೆ ಒಂದು ಪಕ್ಕಕ್ಕೆ ಮಾಡಿಕೊಂಡು ಕೂತು ಕೆತ್ತಿದಳು. ಎಡಗಡೆ ನವಿಲು ಕಲಶ ನೋಡುತ್ತಿತ್ತು, ಬಲಗಡೆಯದು ಕತ್ತು ಹಿಂದಕ್ಕೆ ತಿರುಗಿಸಿ ತನ್ನ ಗರಿಯ ಕಡೆ ನೋಡುತ್ತಿತ್ತು. ಎರಡೂ ಒಂದೇ ಥರ ಇರಬೇಕಿತ್ತಲ್ಲ ಎಂದು ನನ್ನ ಮನಸ್ಸಿಗೆ ಬಂತು. ಆದರೆ ಚೆಂದ ಇತ್ತು, ಟೆಂಪೊ ಬಂದು ನಿಂತಿತ್ತು, ಹೇರಿಕೊಂಡು ಹೊರಟೆ.

ಬಾಗಿಲು ನಿಲ್ಲಿಸುವ ದಿನ ಪೂಜೆಯಾಯಿತು. ನಮ್ಮ ಕಡೆ ಆ ದಿನ ಬಾಗಿಲು ಮಾಡಿದವನಿಗೆ ತಟ್ಟೆಯಲ್ಲಿ ಪಂಚೆ, ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು ಮರ್ಯಾದೆ ಮಾಡುತ್ತಾರೆ. ಮೇಷ್ಟ್ರು ತಟ್ಟೆ ಹಿಡಿದುಕೊಂಡು, "ಕೆತ್ತನೆಯೂ ನಿಮ್ಮದೇನಾ ಆಚಾರ್ರೇ?" ಎಂದು ಕೇಳಿದರು. ಸುತ್ತ ಐವತ್ತು ಜನ ನಿಂತಿದ್ದರು. "ನಂದೇ ಸಾ" ಎಂದೆ. ಪಂಚೆ ತೆಗೆದುಕೊಂಡು ಮನೆಗೆ ಬಂದೆ. ಬಸುರಿ ಹೆಂಗಸು ಹೊಸ ಮನೆಯ ಬಾಗಿಲು ಕೆತ್ತಿದಳು ಅಂದರೆ ಏನಂದುಕೊಳ್ಳುತ್ತಾರೋ ಎಂದು ಅವಳಿಗೆ ಸಮಾಧಾನ ಹೇಳಿದೆ. ಅವಳು ಪಂಚೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಮಗಳು ಕವನ ಹುಟ್ಟಿದಳು, ಕೆಲಸ ಹೆಚ್ಚಿತು, ಆ ಬಾಗಿಲನ್ನು ನಿಲ್ಲಿಸಿದ ಮೇಲೆ ಹೇಗಿದೆ ಎಂದು ಇಂದ್ರಾಣಿ ಹೋಗಿ ನೋಡಲೇ ಇಲ್ಲ.

ಒಂದು ಸಲ ಹೇಳಿದ ಸುಳ್ಳು ನಮ್ಮ ಮನೆಯ ಪದ್ಧತಿಯಾಗಿಹೋಯಿತು. ಬೀದಿಯಲ್ಲಿ ಗಿರಾಕಿಯ ಬೈಕಿನ ಸದ್ದು ಕೇಳಿದರೆ ಸಾಕು, ಅವಳು ಉಳಿ ಮತ್ತು ಕೊಡತಿಯನ್ನು ನನ್ನ ಕೈಗೆ ಕೊಟ್ಟು ತಾನು ಮರಳುಕಾಗದ ಹಿಡಿಯುತ್ತಿದ್ದಳು. ಬಂದವರು, ಪ್ರೇಮ್‌ಕುಮಾರನ ಕೈ ಅಂದರೆ ಕೈ, ಎನ್ನುತ್ತಿದ್ದರು. ನಾನು ಹಲ್ಲು ಬಿಡುತ್ತಿದ್ದೆ. ಅವರು ಹೋದ ಮೇಲೆ ಉಳಿ ವಾಪಸ್ಸು ಅವಳ ಕೈಗೆ. ಹದಿನೇಳು ವರ್ಷ ಹೀಗೇ ನಡೆಯಿತು. ನಾಚಿಕೆಗೇಡಿನ ಮಾತು, ಆದರೆ ನಿಜ ಬರಿ ಎಂದಿದ್ದಾಳಲ್ಲ.

ಹೋದ ವರ್ಷ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತು. ಲೋಟ ಹಿಡಿದರೂ ಕೈ ನಡುಗುತ್ತಿತ್ತು. ನಂಜನಗೂಡಿನ ಡಾಕ್ಟರು ನರದ ಸುತ್ತ ಬಾವು ಬಂದಿದೆ, ಇನ್ನು ಕೊಡತಿ ಹಿಡಿಯಲೇಬಾರದು, ಹಿಡಿದರೆ ಕೈ ಪೂರ್ತಿ ಹೋಗುತ್ತದೆ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದು ಚಪ್ಪರದಲ್ಲಿ ಸುಮ್ಮನೆ ಕೂತಳು. ನಾನು ಎರಡು ದಿನ ಬಿಟ್ಟು ಮಾತು ತೆಗೆದೆ. ಈಗ ಕಂಪ್ಯೂಟರಿನಲ್ಲಿ ಬರೆದದ್ದನ್ನು ತಾನೇ ಕೆತ್ತುವ ಸಿಎನ್‌ಸಿ ಮೆಷಿನ್ ಬಂದಿದೆ, ನಮ್ಮ ಚಪ್ಪರದಲ್ಲಿ ಹಿಡಿಸುವಂಥ ಚಿಕ್ಕದೂ ಇದೆಯಂತೆ, ಬ್ಯಾಂಕಿನಲ್ಲಿ ಸಾಲವೂ ಕೊಡುತ್ತಾರೆ ಎಂದೆ.

"ಬ್ಯಾಡ" ಎಂದಳು.

"ಮತ್ತೆ ಯಾರು ಕೆತ್ತೋರು? ನಾನಾ? ಊರೆಲ್ಲ ಕೋಳಿ ಬಾಗಿಲು ಆಗೋಯ್ತದೆ."

"ಆಗ್ಲಿ. ಮೆಸಿನ್ ಮಾತ್ರ ಬ್ಯಾಡ."

"ಕಾರಣ ಏಳಮ್ಮಿ."

"ಕಾರಣ ಏಳಿದ್ರೆ ನಿಮ್ಗೆ ಗೊತ್ತಾಗಾಕಿಲ್ಲ" ಎಂದು ಎದ್ದು ಒಳಗೆ ಹೋದಳು. ಕೈಕಸುಬಿನ ಜಂಬ ಇದು ಎಂದುಕೊಂಡೆ. ಮೆಷಿನ್ನಿಗೂ ತನಗೂ ಪಂದ್ಯ ಕಟ್ಟಿಕೊಂಡಿದ್ದಾಳೆ ಎಂದು ರೇಗಿತು. ಹದಿನೈದು ದಿನ ಮನೆಯಲ್ಲಿ ಅನ್ನ ಸಾರಿನ ವಿಷಯ ಬಿಟ್ಟು ಬೇರೆ ಮಾತಿಲ್ಲ. ಕೊನೆಗೆ ಕವನ, "ನೋಡೋಕೇನಮ್ಮ ಕಷ್ಟ? ನೋಡ್ಕೊಂಡು ಬಂದು ಬ್ಯಾಡ ಅನ್ನು" ಎಂದಳು. ಮಗಳ ಮಾತಿಗೆ ಒಪ್ಪಿ ಸೀರೆ ಉಟ್ಟಳು.

ಒಂದು ಬುಧವಾರ ಬೆಳಿಗ್ಗೆ ಬೈಕಿನಲ್ಲಿ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಹೋದೆವು. ಅನಿಕೇತ್ ಎಂಬ ಮೂವತ್ತರ ಆಸುಪಾಸಿನ ಹುಡುಗನ ಶೆಡ್ಡು ಅದು. ಮೆಷಿನ್ ಮಾರುತ್ತಾನೆ, ಅದರಲ್ಲೇ ಬಾಗಿಲು ಕೆತ್ತಿಯೂ ಕೊಡುತ್ತಾನೆ. ಮಂಚದಗಲದ ಕಬ್ಬಿಣದ ಮೇಜು, ಅದರ ಮೇಲೆ ಅಡ್ಡಲಾಗಿ ಓಡಾಡುವ ಒಂದು ತೊಲೆ, ತೊಲೆಯಿಂದ ಇಳಿಬಿದ್ದ ಕಿರುಬೆರಳಿನಷ್ಟು ಉಕ್ಕಿನ ಕೊರೆಯುವ ಮೊನೆ. ಅದು ಗುಂಯ್ ಎಂದು ತಿರುಗುತ್ತಾ ಹಲಗೆಯನ್ನು ಬೆಣ್ಣೆ ಬಳಿದು ತೆಗೆದ ಹಾಗೆ ತೆಗೆಯುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಇನ್ನಿಬ್ಬರು ಗಿರಾಕಿಗಳು ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ನಾವು ಯಾರು, ಎಲ್ಲಿಂದ ಬಂದೆವು ಎಂದು ಅವನಿನ್ನೂ ಕೇಳಿರಲಿಲ್ಲ.

ಇಂದ್ರಾಣಿ ಮೇಜಿನ ಹತ್ತಿರ ಹೋದವಳು ಹಾಗೇ ನಿಂತಳು. ನಾನೂ ಹೋಗಿ ನೋಡಿದೆ. ನಡುವೆ ಕಲಶ. ಎಡಗಡೆ ನವಿಲು ಕಲಶ ನೋಡುತ್ತಿದೆ. ಬಲಗಡೆಯದು ಕತ್ತು ಹಿಂದಕ್ಕೆ ತಿರುಗಿಸಿದೆ.

"ಅದು ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗೋ ಡಿಸೈನು ಸರ್" ಎಂದ ಅನಿಕೇತ್, ಹಿಂದೆ ಬಂದು ನಿಂತು. "ಚಿಕ್ಕಯ್ಯನಛತ್ರದಲ್ಲಿ ನಮ್ಮ ಸೋದರಮಾವ ಇದ್ದಾರೆ, ಚಕ್ರಪಾಣಿ ಅಂತ. ಅವರ ಮನೆ ಬಾಗಿಲಿನ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕ್ಕೊಂಡೆ. ಮೈಸೂರಿಂದ ಚಾಮರಾಜನಗರದವರೆಗೂ ಇನ್ನೂರು ಬಾಗಿಲು ಹೋಗಿದೆ. ಈಗ ಜನ ಎರಡೂ ನವಿಲು ನೇರ ನೋಡಿದ್ರೆ ಬೇಡ ಅಂತಾರೆ. ಕೆತ್ತಿದವರು ಹದಿನಾರಿನ ಪ್ರೇಮ್‌ಕುಮಾರ್ ಅಂತ. ನಾನು ನೋಡಿಲ್ಲ, ದೊಡ್ಡ ಕಲಾವಿದರಂತೆ."

ನನ್ನ ಎದೆ ತಾನಾಗಿ ಉಬ್ಬಿತು. ಗಿರಾಕಿಗಳು ಇತ್ತ ನೋಡುತ್ತಿದ್ದರು. "ಆ ಪ್ರೇಮ್‌ಕುಮಾರ್ ನಾನೇ ಸಾ" ಎಂದುಬಿಟ್ಟೆ. ನಾಲಿಗೆಗೆ ಅಷ್ಟು ಅಭ್ಯಾಸವಾಗಿಹೋಗಿತ್ತು.

ಹುಡುಗ ತಬ್ಬಿಬ್ಬಾಗಿ ಬಗ್ಗಿ ನನ್ನ ಕಾಲು ಮುಟ್ಟಿದ. ಕುರ್ಚಿ ಎಳೆದು ಹಾಕಿದ. ಟೀ ತರಿಸಿದ. ಕೇಳದೆ ಫೋಟೊ ತೆಗೆದದ್ದು ತಪ್ಪಾಯಿತು, ಕ್ಷಮಿಸಬೇಕು ಎಂದ. ನಾನು ದೊಡ್ಡ ಮನುಷ್ಯನ ಹಾಗೆ, ಇರಲಿ ಬಿಡಿ ಎಂದೆ. ಆಗ ಅವನು ಕೇಳಿದ. "ಎಷ್ಟೋ ದಿನದಿಂದ ಕೇಳಬೇಕು ಅಂತಿತ್ತು ಸರ್. ಈ ನವಿಲಿನ ಕತ್ತು ಯಾಕೆ ಹಿಂದಕ್ಕೆ ತಿರುಗಿಸಿದ್ರಿ?"

ನಾನು ಟೀ ಲೋಟ ಕೆಳಗಿಟ್ಟೆ. "ಅದು, ನವಿಲು ಅಂದ್ಮೇಲೆ, ಒಂದೊಂದ್ಸಲ ತಿರುಗಿಸ್ತದಲ್ಲ" ಎಂದೆ. ಗಿರಾಕಿಗಳಲ್ಲಿ ಒಬ್ಬ, "ಅದು ವಾಸ್ತು ಕಣ್ರೀ. ಒಂದು ಒಳಕ್ಕೆ ಬರೋರನ್ನ ನೋಡ್ತದೆ, ಇನ್ನೊಂದು ಹೊರಕ್ಕೆ ಹೋಗೋರನ್ನ. ಅದಕ್ಕೇ ನಾನೂ ಇದನ್ನೇ ಹಾಕಿಸ್ತಿರೋದು" ಎಂದ. ಬದುಕಿದೆ ಎಂದುಕೊಂಡು ನಾನು ಹೂಂಗುಟ್ಟಿದೆ. ಅನಿಕೇತ್ ಬಿಡಲಿಲ್ಲ. "ಸರಿ, ಕತ್ತಿನ ಮುಂದೆ ಇರೋ ಈ ಮೊಗ್ಗು? ಬಳ್ಳಿ ಇಲ್ಲ, ಎಲೆ ಇಲ್ಲ, ಒಂದೇ ಒಂದು ಮೊಗ್ಗು ಯಾಕಿಟ್ರಿ?"

ಹದಿನೇಳು ವರ್ಷ ನನ್ನದು ಎಂದು ಹೇಳಿಕೊಂಡು ತಿರುಗಿದ ನವಿಲು. ಅದರ ಕತ್ತು ಯಾಕೆ ತಿರುಗಿತು, ಮೊಗ್ಗು ಯಾಕೆ ಬಂತು ಎಂದು ಒಂದು ದಿನ, ಒಂದೇ ಒಂದು ದಿನ, ನಾನು ಅವಳನ್ನು ಕೇಳಿರಲಿಲ್ಲ. ಇಂದ್ರಾಣಿಯ ಕಡೆ ನೋಡಿದೆ. ಬ್ಯಾಂಡೇಜು ಸುತ್ತಿದ ಕೈಯನ್ನು ಹಲಗೆಯ ಮೇಲಿಟ್ಟು ನಿಂತಿದ್ದಳು. ಮುಖದಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇವನು ಈಗಲೂ ಒಂದು ಸುಳ್ಳು ಹುಡುಕುತ್ತಾನೆ ಎಂದು ತಿಳಿದುಕೊಂಡು, ಅದಕ್ಕೂ ಸಿದ್ಧಳಾಗಿ ನಿಂತ ಮುಖ ಅದು.

ನಾನು ಕುರ್ಚಿಯಿಂದ ಎದ್ದೆ. "ನಂಗೊತ್ತಿಲ್ಲ ಸಾ" ಎಂದೆ. "ಯಾಕಂದ್ರೆ ಅದನ್ನ ಕೆತ್ತಿದ್ದು ನಾನಲ್ಲ. ಇವಳು. ನನ್ನ ಹೆಂಡ್ತಿ, ಇಂದ್ರಾಣಿ. ನಮ್ಮನೆಯಿಂದ ಓಗಿರೋ ಒಂದೊಂದು ಹೂವೂ ಇವಳದೇ. ನಾನು ಚೌಕಟ್ಟು ಕೂಡಿಸೋನು, ಅಷ್ಟೆ. ಇಷ್ಟು ವರ್ಸ ನಂದು ಅಂತ ಸುಳ್ಳೇಳ್ಕಂಡು ಬಂದೆ."

ಮೆಷಿನ್ ತನ್ನ ಪಾಡಿಗೆ ಗುಂಯ್ ಅನ್ನುತ್ತಿತ್ತು. ಅನಿಕೇತ್ ಹೋಗಿ ಅದನ್ನು ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ, ನನಗೆ ಅದು ಒಳ್ಳೆಯದೇ ಆಯಿತು. ಅವಳ ಮುಂದೆ ನಿಂತು, "ನೀವು ಹೇಳಿ ಅಮ್ಮ" ಎಂದ.

ಇಂದ್ರಾಣಿ ಹಲಗೆಯ ಮೇಲಿನ ಧೂಳು ಒರೆಸಿ ಮೊಗ್ಗನ್ನು ತೋರಿಸಿದಳು. "ಇದು ಮೊಗ್ಗಲ್ಲ ಕಣಪ್ಪ. ಮರದ ಗಂಟು. ಕೊಕ್ಕು ಬರಬೇಕಾದ ಜಾಗದಲ್ಲೇ ಕೂತಿತ್ತು. ಉಳಿ ಇಟ್ರೆ ಜಾರೋದು, ಜೋರಾಗಿ ಹೊಡೆದ್ರೆ ಸಿಡಿದು ಹಲಗೆನೇ ಹೋಗೋದು. ಇನ್ನೊಂದು ತೇಗದ ಹಲಗೆ ತರೋ ಶಕ್ತಿ ಆಗ ನಮಗಿರ್ಲಿಲ್ಲ. ಎರಡು ದಿನ ಯೋಚ್ನೆ ಮಾಡ್ದೆ. ಆಮೇಲೆ ತಲೆನೇ ಹಿಂದಕ್ಕೆ ತಿರುಗಿಸ್ಬುಟ್ಟೆ. ಗಂಟನ್ನ ಉಜ್ಜಿ ಉಜ್ಜಿ ಮೊಗ್ಗು ಮಾಡ್ದೆ. ವಾಸ್ತುನೂ ಇಲ್ಲ, ಏನೂ ಇಲ್ಲ."

ವಾಸ್ತು ಹೇಳಿದ ಗಿರಾಕಿ ಕೆಮ್ಮಿದ. ಇಂದ್ರಾಣಿ ಮೆಷಿನ್ ಕೆತ್ತಿದ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದಳು. ಅದು ಮರದ ಪುಡಿ ಒತ್ತಿ ಮಾಡಿದ ಹಲಗೆ, ಗಂಟೂ ಇಲ್ಲ, ಎಳೆಯೂ ಇಲ್ಲ. "ನೋಡಿ, ಇದರಲ್ಲಿ ಗಂಟೇ ಇಲ್ಲ. ಆದ್ರೂ ಪಾಪ ನಾನು ಮಾಡಿದಂಗೇ ಮಾಡೈತೆ" ಎಂದು ನಕ್ಕಳು. ಎಷ್ಟು ವರ್ಷವಾಗಿತ್ತೋ ಅವಳು ಹೊರಗಡೆ ನಾಲ್ಕು ಜನರ ಮುಂದೆ ಹಾಗೆ ನಕ್ಕು. ಹಲಗೆ ಕೈಕೊಟ್ಟಾಗ ಒಬ್ಬ ಬಸುರಿ ಹೆಂಗಸು ನೆಲದಲ್ಲಿ ಕೂತು ಮಾಡಿದ ಉಪಾಯ, ಇನ್ನೂರು ಮನೆಯವರು ಅದನ್ನೇ ಬೇಕು ಬೇಕು ಎಂದು ಹಾಕಿಸಿಕೊಂಡಿದ್ದಾರೆ. ಅವಳು ನನ್ನ ಹೆಂಡತಿ. ನನಗೆ ಆ ಶೆಡ್ಡಿನ ನಡುವೆ ನಿಂತು ಕೂಗಿ ಹೇಳಬೇಕೆನ್ನುವಷ್ಟು ಹೆಮ್ಮೆಯಾಯಿತು, ಅಷ್ಟೇ ನಾಚಿಕೆಯೂ ಆಯಿತು.

"ಇದರಲ್ಲಿ ನಾನು ಬರೆದದ್ದು ಹಾಕಬೋದಾ?" ಎಂದು ಅವಳೇ ಕೇಳಿದಳು. ಅನಿಕೇತ್ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಕರಿಹಲಗೆಯಂಥದೊಂದನ್ನು ಮುಂದಿಟ್ಟು ಪೆನ್ನು ಕೊಟ್ಟ. ಅದರ ಮೇಲೆ ಎಳೆದದ್ದು ಪರದೆಯಲ್ಲಿ ಮೂಡುತ್ತದೆ. ಪೆನ್ನು ಹಗುರ, ಕೊಡತಿಯ ಏಟಿಲ್ಲ, ಕೈ ನೋಯಲಿಲ್ಲ. ಮೊದಲು ಎರಡು ಗೆರೆ ಸೊಟ್ಟಗೆ ಹೋದವು. ಆಮೇಲೆ ಒಂದು ಹಾಗಲ ಬಳ್ಳಿ ಬರೆದಳು, ಬಳ್ಳಿಯ ಕುಡಿ ಸುರುಳಿ ಸುತ್ತಿ ಎಲೆಯ ಕೆಳಗೆ ನುಗ್ಗಿತ್ತು. ಎಲ್ಲಿ ಉಬ್ಬಬೇಕು, ಎಲ್ಲಿ ತಗ್ಗಬೇಕು ಎಂದು ಅವಳು ಹೇಳುತ್ತಾ ಹೋದಳು, ಹುಡುಗ ಕಂಪ್ಯೂಟರಿಗೆ ಹಾಕುತ್ತಾ ಹೋದ. ಮುಕ್ಕಾಲು ಗಂಟೆಯಲ್ಲಿ ಮೆಷಿನ್ ಅದನ್ನು ತೇಗದ ತುಂಡಿನ ಮೇಲೆ ಕೆತ್ತಿತು. ಇಂದ್ರಾಣಿ ಹೆಬ್ಬೆರಳು ಆಡಿಸಿ ನೋಡಿದಳು. "ಕುಡಿ ಹತ್ರ ಎಳೆ ಅಡ್ಡ ಇದೆ, ಇದು ನೋಡ್ದೇನೇ ಕುಯ್ದೈತೆ. ಅಲ್ಲಿ ಕೈ ಹಾಕ್ಬೇಕು. ಮಿಕ್ಕದ್ದು ಪರವಾಗಿಲ್ಲ" ಎಂದಳು. ಅನಿಕೇತ್ ಕಾಗದ ತೆಗೆದು ಅದನ್ನು ಬರೆದುಕೊಂಡ.

ಹೊರಗೆ ಬಂದು ಬೈಕಿನ ಹತ್ತಿರ ನಿಂತೆವು. ಅವಳ ಮುಖ ನೋಡುವ ಧೈರ್ಯ ಬರದೆ ನಾನು ಕನ್ನಡಿ ಒರೆಸುತ್ತಿದ್ದೆ.

"ಮೆಸಿನ್ ತಗೊಳ್ಳಣ" ಎಂದಳು.

"ಇಷ್ಟು ದಿನ ಬ್ಯಾಡ ಅಂತಿದ್ದೆ?"

"ಕೈಯಾರೆ ಕೆತ್ತಿದ್ದನ್ನೇ ನಿಮ್ದು ಅಂದ್ರಿ. ಮೆಸಿನ್ ಬಂದ್ರೆ ಮೆಸಿನ್ ಕೆತ್ತಿತು ಅಂತೀರಿ. ನಾನು ಎಲ್ಲೂ ಇರಾಕಿಲ್ಲ ಅಂತ ಅನ್ನಿಸ್ತು. ಅದಕ್ಕೆ ಬ್ಯಾಡ ಅಂದೆ."

"ಈಗ?"

"ಈಗ ಏಳಿದ್ರಲ್ಲ" ಎಂದಳು. ಸೆರಗು ಸಿಕ್ಕಿಸಿಕೊಂಡು, "ಒಂದು ಕಡೆ ಏಳಿದ್ರೆ ಸಾಲ್ದು. ಗಾಡಿ ಚಿಕ್ಕಯ್ಯನಛತ್ರದ ಕಡೆ ಬುಡಿ. ನನ್ನ ಬಾಗಿಲು ನೋಡ್ಬೇಕು."

ನನ್ನ ಬಾಗಿಲು ಎಂದು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಹಿಂದೆ ಕೂತವಳು ನನ್ನ ಹೆಗಲ ಮೇಲೆ ಬ್ಯಾಂಡೇಜಿನ ಕೈ ಇಟ್ಟಿದ್ದಳು.

ಚಕ್ರಪಾಣಿ ಮೇಷ್ಟ್ರ ಮನೆ ತಲುಪಿದಾಗ ಬಿಸಿಲು ನೇರ ಬಾಗಿಲಿನ ಮೇಲಿತ್ತು. ಹದಿನೇಳು ವರ್ಷದ ಎಣ್ಣೆ, ಅರಿಶಿನ ಕುಂಕುಮ ಹಿಡಿದು ಮರ ಕಪ್ಪಗೆ ಮಿನುಗುತ್ತಿತ್ತು. ಇಂದ್ರಾಣಿ ಚಪ್ಪಲಿ ಬಿಟ್ಟು ಮೆಟ್ಟಿಲ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದಳು. ಸದ್ದು ಕೇಳಿ ಮೇಷ್ಟ್ರು ಹೊರಗೆ ಬಂದರು. ವಯಸ್ಸಾಗಿದೆ, ಆದರೆ ಗುರುತು ಹಿಡಿದರು. "ಓ, ಆಚಾರ್ರು. ಎಷ್ಟು ವರ್ಷ ಆಯ್ತು. ಬನ್ನಿ ಬನ್ನಿ. ಇವರು ಯಾರು ಗೊತ್ತಾಗಲಿಲ್ಲ?"

"ಇವರು ಇಂದ್ರಾಣಿ ಅಂತ ಸಾ. ನಿಮ್ಮ ಬಾಗಿಲು ಕೆತ್ತಿದೋರು" ಎಂದೆ. "ನಾನು ಇವರ ಗಂಡ."